ಹಲಗೆಯ ದಪ್ಪ ಮರೆತ ಪೆಟ್ಟಿಗೆ

ನಮ್ಮ ಸಾಗರ ಗಂಧದ ಮರ ಕೆತ್ತುವ ಗುಡಿಗಾರರ ಊರು. ಇಲ್ಲಿ ಎಷ್ಟೋ ಮನೆಗಳ ಶೋಕೇಸಿನಲ್ಲಿ ಗಂಧದ ಆನೆಯೋ ಗಣಪತಿಯೋ ಕೂತಿರುತ್ತದೆ. ಆದರೆ ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ನಮ್ಮ ಹಿತ್ತಲಿಗೆ ಬಂದ ಏಳು ಮಕ್ಕಳಲ್ಲಿ ಒಬ್ಬರೂ ಉಳಿ ಮುಟ್ಟಿರಲಿಲ್ಲ. 8ರಿಂದ 13 ವರ್ಷದವರು, ಅಕ್ಕಪಕ್ಕದ ಮನೆಯವರೇ. ನಾನೂ ಬಡಗಿಯಲ್ಲ. ನಮ್ಮ ಮನೆಯ ಮಾಡಿನ ಕೆಲಸ ನಡೆಯುವಾಗ ಆಚಾರಿಯ ಹಿಂದೆ ಹಿಂದೆ ಸುತ್ತಿ ಕಲಿತದ್ದಷ್ಟೇ.

ಸುಮ್ನೆ ಮರ ಕುಯ್ಯಿರಿ ಅಂದರೆ ಅರ್ಧ ಗಂಟೆಗೆ ಬೇಜಾರು. ಅದಕ್ಕೇ ಎರಡು ಗುಂಪು ಮಾಡಿ, ಗುಂಪಿಗೊಂದು ಸಸಿ ಪೆಟ್ಟಿಗೆ ಮಾಡುವುದು ಅಂತ ಇಟ್ಟುಕೊಂಡೆ. 18 ಇಂಚು ಉದ್ದ, 12 ಇಂಚು ಅಗಲ, 4 ಇಂಚು ಆಳ. ಮಾಡಿದ ಪೆಟ್ಟಿಗೆಯಲ್ಲೇ ಮಳೆಗಾಲಕ್ಕೆ ಬದನೆ, ಮೆಣಸಿನ ಸಸಿ ಎಬ್ಬಿಸಬೇಕು.

ಮರಕ್ಕೆ ಗುಜರಿಯಲ್ಲಿ ಸಿಕ್ಕ ಪೈನ್ ಪ್ಯಾಲೆಟ್ (ಸರಕು ಪೇರಿಸುವ ಮರದ ಅಡ್ಡೆ) ಸಾಕು. ಮೆದು, ಅಗ್ಗ. ಅದರ ಮೇಲಿನ ಮುದ್ರೆ ಮಾತ್ರ ನೋಡಿ. 'ಎಚ್‌ಟಿ' ಅಂತ ಇದ್ದರೆ ಬಿಸಿ ಕೊಟ್ಟು ಹುಳ ಕೊಂದ ಮರ, ತರಬಹುದು. 'ಎಂಬಿ' ಅಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಮಕ್ಕಳ ಕೈಗೆ ಬೇಡ.

ಗರಗಸ ಕೊಡಲು ಮೊದಲು ಭಯವಾಯಿತು. ಆಮೇಲೆ ಒಂದು ಉಪಾಯ ಸಿಕ್ಕಿತು. ಹಲಗೆಯನ್ನು ಎರಡು ಸಿ-ಕ್ಲಾಂಪ್ ಹಾಕಿ ಬೆಂಚಿಗೆ ಬಿಗಿದುಬಿಟ್ಟರೆ ಅದನ್ನು ಕೈಯಲ್ಲಿ ಹಿಡಿಯುವ ಕೆಲಸವೇ ಇಲ್ಲ. ಎರಡೂ ಕೈಯಿಂದ ಗರಗಸದ ಹಿಡಿಕೆ ಹಿಡಿಯಿರಿ ಅಂದೆ. ಎರಡು ಕೈಯೂ ಹಿಡಿಕೆಯಲ್ಲೇ ಇದ್ದರೆ ಬೆರಳು ಹಲ್ಲಿನ ಕೆಳಗೆ ಬರುವುದು ಹೇಗೆ, ಅಲ್ವಾ? ಮೊಳೆ ಹಿಡಿಯಲು ಬಟ್ಟೆ ಒಣಗಿಸುವ ಕ್ಲಿಪ್ಪು. ಸುತ್ತಿಗೆ ಚಿಕ್ಕದು, 200 ಗ್ರಾಂನದು. ಉಳಿಯನ್ನು ದೊಡ್ಡ ಮಕ್ಕಳಿಬ್ಬರಿಗೆ ಮಾತ್ರ ಕೊಟ್ಟೆ.

ಪೈನ್ ಹಲಗೆಯ ಅಂಚಿಗೆ ಮೊಳೆ ಹೊಡೆದರೆ ಸೀಳುತ್ತದೆ. ಹೊಡೆಯುವ ಮೊದಲು ಮೊಳೆಯ ತುದಿಗೆ ಒಂದು ಏಟು ಕೊಟ್ಟು ಮೊಂಡು ಮಾಡಬೇಕು. ಚೂಪು ಮೊಳೆ ಮರದ ನಾರನ್ನು ಅತ್ತ ಇತ್ತ ಸರಿಸಿ ನುಗ್ಗುತ್ತದೆ, ಮೊಂಡು ಮೊಳೆ ನಾರನ್ನು ಜಜ್ಜಿಕೊಂಡು ಇಳಿಯುತ್ತದೆ. ಇದು ಆಚಾರಿ ಹೇಳಿಕೊಟ್ಟದ್ದು. ಮಕ್ಕಳು ನಂಬಲಿಲ್ಲ. ಎರಡೂ ಥರ ಹೊಡೆದು ನೋಡಿಯೇ ನಂಬಿದ್ದು.

ನಿಜವಾಗಿ ಕಷ್ಟಪಟ್ಟವಳು ನಾನು. ಗರಗಸ ಓರೆಯಾದ ಕೂಡಲೇ ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಎರಡನೇ ವಾರದಿಂದ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಬೆರಳಿಗೆ ಅಪಾಯ ಅನ್ನಿಸಿದರೆ ಮಾತ್ರ ಬಾಯಿ ಬಿಡುವುದು. ಅಳತೆ ತಪ್ಪಿದರೆ ಸುಮ್ಮನಿರುವುದು.

ಅಳತೆ ತಪ್ಪಿತು. ತಳ 12 ಇಂಚು ಅಗಲ, ಹಾಗಾಗಿ ಅಡ್ಡ ಹಲಗೆಯನ್ನೂ 12 ಇಂಚಿಗೇ ಕುಯ್ದರು. ಅಕ್ಕಪಕ್ಕ ನಿಲ್ಲುವ ಉದ್ದ ಹಲಗೆಗಳಿಗೂ ದಪ್ಪ ಇದೆ ಅನ್ನುವುದು ಮರೆತೇಹೋಗಿತ್ತು. ಜೋಡಿಸಿದಾಗ ನಾಲ್ಕು ಮೂಲೆಯಲ್ಲೂ ಮುಕ್ಕಾಲು ಇಂಚಿನ ಸಂದಿ. ಎರಡು ಗುಂಪಿನದೂ ಅದೇ ಕಥೆ. ಲೆಕ್ಕ ಅಂದರೆ ಓಡಿಹೋಗುವ ಹುಡುಗನೊಬ್ಬ ಬೆರಳು ಮಡಚಿ, 'ಎರಡು ಮುಕ್ಕಾಲು ಅಂದ್ರೆ ಒಂದೂವರೆ, ಹದಿಮೂರೂವರೆ ಬೇಕಿತ್ತು' ಅಂದ. ಅವನ ಗುಂಪು ಹೊಸ ಹಲಗೆ ಕುಯ್ದು ಸಂದಿಯೇ ಇಲ್ಲದ ಪೆಟ್ಟಿಗೆ ಮಾಡಿತು. ಇನ್ನೊಂದು ಗುಂಪಿಗೆ ಸಾಕಾಗಿತ್ತು. ಸಂದಿಗೆ ತೆಂಗಿನ ನಾರು ತುರುಕಿ ಮುಗಿಸಿಬಿಟ್ಟರು.

ಕೆಂಪು ಮಣ್ಣು, ಮರಳು, ಹಳೇ ಗೊಬ್ಬರ ಸಮ ಸಮ ಬೆರೆಸಿ ತುಂಬಿದೆವು. ಬದನೆ ಮೊಳೆಯಲು ವಾರ ಬೇಕು, ಚಿಕ್ಕವರಿಗೆ ಅಷ್ಟು ಪುರುಸೊತ್ತಿಲ್ಲ. ಅದಕ್ಕೆ ಪಕ್ಕದಲ್ಲಿ ಒಂದು ಡಬ್ಬಕ್ಕೆ ಮೆಂತ್ಯ ಹಾಕಿಸಿದೆ. ಮೂರನೇ ದಿನಕ್ಕೇ ತಲೆ ಎತ್ತಿತು. ಆಮೇಲೆ ಬದನೆಯ ಬಗ್ಗೆ ಯಾರೂ ಗೋಳಾಡಲಿಲ್ಲ.

ಮೇ ಕೊನೆಗೆ ಎರಡು ದಿನ ಜೋರು ಮಳೆ. ಪೆಟ್ಟಿಗೆಗಳು ಅಂಗಳದಲ್ಲೇ ಇದ್ದವು. ಮೂರನೇ ದಿನ ನೋಡಿದರೆ ಚೆಂದದ ಪೆಟ್ಟಿಗೆ ಕೆರೆಯಾಗಿತ್ತು. ವಾರದೊಳಗೆ ಅದರ ಸಸಿಗಳ ಬುಡ ಕೊಳೆತು, ದಾರದ ಹಾಗೆ ಸಣ್ಣಗಾಗಿ, ಒಂದೊಂದೇ ಮಲಗಿದವು. ನಾರು ತುರುಕಿದ ಪೆಟ್ಟಿಗೆಯಲ್ಲಿ ನೀರು ಸಂದಿಯಿಂದ ಸೋರಿ ಹೋಗಿತ್ತು. ಅಲ್ಲಿನ ಸಸಿಗಳು ನೆಟ್ಟಗೆ ನಿಂತಿದ್ದವು! ತಳಕ್ಕೆ ತೂತು ಬೇಕು ಅನ್ನುವುದು ನನಗೂ ಮರೆತಿತ್ತು. ಬೇಕಂತಲೇ ಬಿಟ್ಟೆ ಅಂತ ಹೇಳಿಕೊಳ್ಳಬಹುದಿತ್ತು, ಮಕ್ಕಳ ಮುಂದೆ ಹಾಗೆ ಹೇಳಲು ಬಾಯಿ ಬರಲಿಲ್ಲ.

ಸೋತ ಗುಂಪಿನ ಹುಡುಗಿ ಕೈ ಡ್ರಿಲ್ ತಗೊಂಡು ತಳಕ್ಕೆ ಒಂಬತ್ತು ತೂತು ಕೊರೆದಳು. ತೂತು ದೊಡ್ಡದಾಗಿ ಮಣ್ಣು ಉದುರತೊಡಗಿತು. ನಾನು ಕೈ ಕಟ್ಟಿಕೊಂಡೇ ಇದ್ದೆ. ಕೊಟ್ಟಿಗೆ ಹಿಂದಿನ ಒಡೆದ ಹೆಂಚಿನ ಚೂರು ಆರಿಸಿ ತಂದು ತೂತಿನ ಮೇಲೆ ಕವುಚಿ ಇಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ.

ಸಸಿಗಳನ್ನು ಅಡಿ ಎತ್ತರದ ಏರುಮಡಿಯಲ್ಲಿ ನೆಟ್ಟೆವು. ಮಲೆನಾಡಿನ ಮಳೆಗೆ ಸಪಾಟು ಮಡಿ ಆಗುವುದಿಲ್ಲ, ಅದೂ ನೀರು ನಿಲ್ಲುವ ಇನ್ನೊಂದು ಪೆಟ್ಟಿಗೆಯೇ.

ಎರಡೂ ಪೆಟ್ಟಿಗೆ ಇನ್ನೂ ಇವೆ. ಮೊನ್ನೆ ಅದೇ ಮಕ್ಕಳು ಕೋಳಿಗೂಡಿನ ನಕ್ಷೆ ಬರೆದುಕೊಂಡು ಬಂದರು. ನಮ್ಮನೆಯಲ್ಲಿ ಕೋಳಿ ಇಲ್ಲ, ಸಾಕುವ ಯೋಚನೆಯೂ ಇಲ್ಲ. ಕಾಗದ ಇಸಿದುಕೊಂಡು ನೋಡಿದೆ. ಹಲಗೆಯ ದಪ್ಪವನ್ನು ಎರಡೂ ಕಡೆ ಸೇರಿಸಿದ್ದರು.