ಟ್ಯಾಂಕಿನ ನೀರಿಗೆ ಮೊದಲು ಮುಚ್ಚಳ, ಆಮೇಲೆ ಬ್ಲೀಚ್

ಒಂದು ದಿನ ನಮ್ಮ ಮನೆಯ ನಲ್ಲಿಯಿಂದ ಬಕೆಟ್ಟಿಗೆ ಹಲ್ಲಿಯ ಬಾಲ ಬಿತ್ತು. ಬಾಲ ಮಾತ್ರ. “ಅಪ್ಪಾ, ಉಳಿದದ್ದು ಎಲ್ಲಿದೆ?” ಅಂತ ಮಗಳು ಕೇಳಿದಳು. ಟಾರ್ಚ್ ಹಿಡಿದು ಮೇಲೆ ಹತ್ತಿದೆ. ಉಳಿದದ್ದು ಸಾವಿರ ಲೀಟರಿನ ಟ್ಯಾಂಕಿನ ತಳದಲ್ಲಿ, ಬೆರಳುದ್ದ ಗಸಿಯ ಮೇಲೆ ಮಲಗಿತ್ತು.

ಅಲ್ಲಿಯವರೆಗೆ ತಿಂಗಳಿಗೊಮ್ಮೆ ಕಣ್ಣಳತೆಯಲ್ಲಿ ಬ್ಲೀಚಿಂಗ್ ಪೌಡರ್ ಸುರಿದು ನೆಮ್ಮದಿಯಾಗಿದ್ದೆ. ಮುಚ್ಚಳ ಒಂದು ಕಡೆ ಸೀಳಿತ್ತು. ಹಾರಿಹೋಗದಿರಲಿ ಅಂತ ಮೇಲೊಂದು ಇಟ್ಟಿಗೆ ಇಟ್ಟಿದ್ದೆ. ಇಟ್ಟಿಗೆ ಗಾಳಿಯನ್ನು ತಡೆಯಿತು, ಹಲ್ಲಿಯನ್ನಲ್ಲ.

ಹಾಗಾಗಿ ಶುರು ಮಾಡುವುದಾದರೆ ತೂತುಗಳಿಂದ ಶುರು ಮಾಡಿ. ಟ್ಯಾಂಕಿಗೆ ಹೊರಗಿನಿಂದ ಎಷ್ಟು ದಾರಿ ಇದೆ ಎಣಿಸಿ. ನಮ್ಮದರಲ್ಲಿ ನಾಲ್ಕಿದ್ದವು: ಮುಚ್ಚಳದ ಸೀಳು, ಗಾಳಿಯ ಪೈಪು, ಓವರ್‌ಫ್ಲೋ ಪೈಪು, ಮತ್ತೆ ನೀರು ಬರುವ ಪೈಪಿನ ಸುತ್ತ ಬಿಟ್ಟುಹೋದ ಸಂದು. ಮುಚ್ಚಳ ಹೊಸದು ಹಾಕಿದೆ, ಸಂದು ಮುಚ್ಚಿದೆ. ಎರಡು ಪೈಪಿನ ಬಾಯಿಗೆ ಸೊಳ್ಳೆ ನುಸುಳದಷ್ಟು ಸಣ್ಣ ಕಣ್ಣಿನ ಜಾಲರಿ ಕಟ್ಟಿದೆ. ಬೆಚ್ಚಗಿನ ವಾತಾವರಣದಲ್ಲಿ ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆಯೇ ಆಗುತ್ತದೆ. ಜಾಲರಿಗೆ ಕಸ ಕಟ್ಟಿಕೊಳ್ಳುತ್ತದೆ, ಆಗಾಗ ಉಜ್ಜಬೇಕು. ಬೆಳಕು ಒಳಗೆ ಬಿದ್ದರೆ ಪಾಚಿ ಖಂಡಿತ. ಹಗಲಲ್ಲಿ ಮುಚ್ಚಳ ಹಾಕಿದಾಗ ಒಳಗೆ ಗವಿಯಷ್ಟು ಕತ್ತಲೆ ಇರಬೇಕು.

ನೆಲದೊಳಗಿನ ಸಂಪ್ ಇದ್ದರೆ ಅದರ ಬಾಯಿ ನೆಲಮಟ್ಟಕ್ಕಿಂತ ಎತ್ತರದಲ್ಲಿರಲಿ. ಇಲ್ಲದಿದ್ದರೆ ಅಂಗಳ ತೊಳೆದ ನೀರೆಲ್ಲ ಅದಕ್ಕೇ ಹೋಗುತ್ತದೆ.

ಇನ್ನು ತೊಳೆಯುವುದು. ಪೂರ್ತಿ ಖಾಲಿ ಮಾಡಿ, ಗಸಿ ಬಳಿದು ತೆಗೆದು, ಗಟ್ಟಿ ಬ್ರಷ್ಷಿನಿಂದ ಗೋಡೆ ಉಜ್ಜಿ. ಸೋಪು ಬೇಡ, ಅದರ ವಾಸನೆ ಬಿಡಿಸುವುದರಲ್ಲಿ ಸಾಕಾಗುತ್ತದೆ. ಬೆರಳಿಗೆ ಜಾರುವ ಲೋಳೆ ಇದೆಯಲ್ಲ, ನಿಜವಾದ ಶತ್ರು ಅದು. ಕ್ರಿಮಿಗಳು ಅದರೊಳಗೆ ಅವಿತುಕೊಂಡರೆ ಕ್ಲೋರಿನ್ ಅವಕ್ಕೆ ಸರಿಯಾಗಿ ತಾಗುವುದಿಲ್ಲ. ದೊಡ್ಡ ಟ್ಯಾಂಕ್ ಅಥವಾ ಸಂಪಿಗೆ ಒಬ್ಬರೇ ಇಳಿಯಬೇಡಿ. ಒಳಗೆ ಉಸಿರಾಡಲು ಬೇಕಾದ ಗಾಳಿಯೇ ಇಲ್ಲದಿರಬಹುದು. ಬ್ಲೀಚ್ ಹಾಕಿದ ಮೇಲಂತೂ ಇಳಿಯಲೇಬೇಡಿ. ಆ್ಯಸಿಡ್ ಜೊತೆ ಬ್ಲೀಚ್ ಸೇರಿದರೆ ವಿಷದ ಗಾಳಿ ಏಳುತ್ತದೆ, ಎರಡನ್ನೂ ಒಂದೇ ಕಡೆ ಇಡುವುದೂ ಬೇಡ.

ತೊಳೆದಾದ ಮೇಲೆ ಕಾಲು ಭಾಗ ನೀರು ತುಂಬಿಸಿ. ಪರಿಮಳ, ಸೋಪು ಸೇರಿಸದ 5% ಬ್ಲೀಚ್ ದ್ರವ ಸಾವಿರ ಲೀಟರಿಗೆ 1 ಲೀಟರ್ ಲೆಕ್ಕದಲ್ಲಿ ಹಾಕಿ, ಆಮೇಲೆ ಟ್ಯಾಂಕ್ ತುಂಬಿಸಿ. ಬೀಳುವ ನೀರೇ ಕಲಸುತ್ತದೆ. ಮನೆಯ ನಲ್ಲಿಗಳನ್ನೆಲ್ಲ ಒಂದೊಂದಾಗಿ ತೆರೆದು, ಬ್ಲೀಚ್ ವಾಸನೆ ಬಂದ ಮೇಲೆ ಮುಚ್ಚಿ. ಪೈಪುಗಳೂ ಶುದ್ಧವಾಗಬೇಕು ಅಲ್ವಾ? ಒಂದು ದಿನ ಪೂರ್ತಿ ಹಾಗೇ ಬಿಡಿ. ಈ ನೀರು ಕುಡಿಯಲು ಅಲ್ಲ, ಮನೆಯವರಿಗೆಲ್ಲ ಮೊದಲೇ ಹೇಳಿಬಿಡಿ. ನಾನು ಅದರಲ್ಲಿ ನೆಲ ತೊಳೆದು ಮುಗಿಸುತ್ತೇನೆ. ಗಿಡಕ್ಕೆ, ಮೀನಿರುವ ನೀರಿಗೆ ಬಿಡಬಾರದು. ಖಾಲಿಯಾದ ಮೇಲೆ ಒಳ್ಳೆಯ ನೀರಿನಲ್ಲಿ ಒಮ್ಮೆ ಜಾಲಾಡಿಸಿ ತುಂಬಿಸಿ.

ದಿನಬಳಕೆಯ ನೀರಿಗೆ ಹಾಕುವ ಲೆಕ್ಕ ಬೇರೆ. ಇಲ್ಲೇ ನಾನು ವರ್ಷಗಟ್ಟಲೆ ತಪ್ಪಿದ್ದು. 5% ಅಂದರೆ 100 ಮಿ.ಲೀ. ದ್ರವದಲ್ಲಿ ಸುಮಾರು 5 ಗ್ರಾಂ ಕ್ಲೋರಿನ್. 20 ಮಿ.ಲೀ.ನಲ್ಲಿ 1 ಗ್ರಾಂ. ಅದನ್ನು ಸಾವಿರ ಲೀಟರಿಗೆ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂ. ಇಷ್ಟೇ ಸಾಕು, ನಾಲ್ಕು ಟೀ ಚಮಚ! ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ನೀರಿದೆ ಅಂತ ಮೊದಲು ನೋಡಿ. ಅರ್ಧ ಇದ್ದರೆ ಔಷಧಿಯೂ ಅರ್ಧ. ಒಂದು ಬಕೆಟ್ ನೀರಿನಲ್ಲಿ ಕಲಸಿ ಸುರಿಯಿರಿ.

ಅರ್ಧ ಗಂಟೆ ಬಿಟ್ಟು ಪರೀಕ್ಷೆ ಮಾಡಿ. ಮೂಗು ನಂಬಬೇಡಿ. ಕ್ಲೋರಿನ್ ಪರೀಕ್ಷೆಯ ಚಿಕ್ಕ ಕಿಟ್ ಸಿಗುತ್ತದೆ, ಪುಡಿ ಅಥವಾ ಮಾತ್ರೆ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣವನ್ನು ಅದರ ಪಟ್ಟಿಗೆ ಹೋಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಅರ್ಧ ಗಂಟೆಯ ನಂತರ ಲೀಟರಿಗೆ ಕನಿಷ್ಠ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ನಲ್ಲಿಯಲ್ಲಿ ಬಳಸುವ ಹೊತ್ತಿಗೆ 0.2ಕ್ಕಿಂತ ಇಳಿಯಬಾರದು. ಟ್ಯಾಂಕಿಗೆ ಅತಿ ದೂರದ ನಲ್ಲಿಯಲ್ಲೂ ಒಮ್ಮೆ ನೋಡಿ.

ಬಣ್ಣವೇ ಬರಲಿಲ್ಲ ಅಂದರೆ ಇನ್ನೊಂದು 20 ಮಿ.ಲೀ. ಹಾಕಿ. ಆಗಲೂ ಬರದಿದ್ದರೆ ಸುರಿಯುತ್ತಾ ಹೋಗಬೇಡಿ. ಬ್ಲೀಚ್ ಹಳೆಯದಾಗಿ ಸತ್ವ ಕಳೆದುಕೊಂಡಿರಬೇಕು, ಇಲ್ಲವೇ ಟ್ಯಾಂಕಿನ ಕೊಳೆ ಅದನ್ನೆಲ್ಲ ತಿಂದು ಮುಗಿಸುತ್ತಿರಬೇಕು. ನಮ್ಮಲ್ಲಿ ಎರಡೂ ಆಗಿತ್ತು. ನನ್ನ ಬ್ಲೀಚ್ ಕಿಟಕಿಯ ಪಕ್ಕ ಬಿಸಿಲಲ್ಲಿ ಇತ್ತು. ಬಿಸಿಲು, ಸೆಕೆ ಎರಡೂ ಅದಕ್ಕಾಗದು.

ಪೌಡರೇ ಬಳಸುವವರು ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರು ಮಾತ್ರ ಹಾಕಿ. ಚೀಲ ಒಡೆದಿಟ್ಟ ಪೌಡರ್ ಬೇಗ ದುರ್ಬಲವಾಗುತ್ತದೆ.

ಕ್ಲೋರಿನ್ನಿಗೆ ಆಗದ ಕೆಲಸವೂ ಇದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಅದರಿಂದ ಹೋಗುವುದಿಲ್ಲ. ಕೆಲವು ಗಟ್ಟಿ ಸೂಕ್ಷ್ಮಜೀವಿಗಳೂ ಸಾಯುವುದಿಲ್ಲ. ಅನುಮಾನ ಬಂದ ದಿನ ಕುದಿಸಿ: ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, ತುಂಬ ಎತ್ತರದ ಜಾಗದಲ್ಲಿ ಮೂರು ನಿಮಿಷ. ರಾಸಾಯನಿಕದ ಅನುಮಾನವಿದ್ದರೆ ಕುದಿಸಿಯೂ ಪ್ರಯೋಜನವಿಲ್ಲ, ಪ್ರಯೋಗಾಲಯಕ್ಕೇ ಕೊಡಬೇಕು.

ಇಷ್ಟೆಲ್ಲ ಮಾಡಿ ಅಡುಗೆಮನೆಯ ಪಾತ್ರೆಗೆ ಲೋಟ ಅದ್ದಿ, ಜೊತೆಗೆ ನಾಲ್ಕು ಬೆರಳನ್ನೂ ಅದ್ದುತ್ತಿದ್ದವನು ನಾನೇ. ಮಗಳು ತೋರಿಸಿದಳು. ಈಗ ತಳದಲ್ಲಿ ನಲ್ಲಿ ಇರುವ ಪಾತ್ರೆ ತಂದಿದ್ದೇವೆ. ಟ್ಯಾಂಕ್ ತೊಳೆದ ತಾರೀಕನ್ನು ಮೊದಲು ಟ್ಯಾಂಕಿನ ಮೇಲೇ ಸೀಮೆಸುಣ್ಣದಲ್ಲಿ ಬರೆದಿದ್ದೆ, ಮೊದಲ ಮಳೆಗೇ ತೊಳೆದುಹೋಯಿತು. ಈಗ ಅದು ಅಡುಗೆಮನೆ ಬಾಗಿಲ ಹಿಂದೆ, ಮಗಳ ಕೈಬರಹದಲ್ಲಿದೆ.