ಮೆಕ್ಕೆಜೋಳದ ಗೋಡೌನ್‌ನಾಗೆ ಫಾಸ್ಫೀನ್ ಅಳೆದಿದ್ದು: ನನ್ನ ಅನುಭವ

ಚೀಲ ಪೇರಿಸಿದ ಸ್ಟ್ಯಾಕ್‌ಗೆ ಗುಳಿಗೆ ಇಟ್ಟು, ಮೇಲೆ ಕವರ್ ಹೊದಿಸಿ, ಗುಳಿಗೆ ಬಿಡೋ ಫಾಸ್ಫೀನ್ ಅನ್ನೋ ವಿಷದ ಗ್ಯಾಸ್‌ನಿಂದ ಹುಳ ಸಾಯ್ಸೋದು ನಮ್ಮ ಲೈನ್‌ನಾಗೆ ಎಲ್ಲರಿಗೂ ಗೊತ್ತಿರೋ ಕೆಲಸ, ಅದನ್ನ ಬರೆಯಲ್ಲ. ಕವರ್ ತೆಗೆದ ಮೇಲೆ ಹಮಾಲರು ಏನು ಉಸಿರಾಡ್ತಾರೆ ಅನ್ನೋದನ್ನ ಅಳೆಯೋಕೆ ನಾನೊಂದು ಪದ್ಧತಿ ಮಾಡ್ಕೊಂಡೆ, ಅದು ಈಗ ಸರಿಯಾಗಿ ನಡೀತೈತೆ. ದಾವಣಗೆರೆ ಎಪಿಎಂಸಿ ಸುತ್ತಮುತ್ತ ಗೋಡೌನ್ ಇಟ್ಕೊಂಡಿರೋರು ಮೊದ್ಲು "ಇದೆಲ್ಲ ಫ್ಯಾಕ್ಟರಿಯೋರಿಗೆ, ನಮಗ್ಯಾಕೆ ಬೇಕು" ಅಂದಿದ್ರು. ಈಗ ಅವರೇ ಫೋನ್ ಮಾಡಿ ಯಾವ ಮೀಟರ್ ತಗೊಂಡ್ರಿ ಅಂತ ಕೇಳ್ತಾರೆ.

ಎಲ್ಲರ ಮೊದಲ ಮಾತು ಒಂದೇ, "ವಾಸನೆ ಬಂದ್ರೆ ಗೊತ್ತಾಗಲ್ವಾ?" ಗೊತ್ತಾಗಲ್ಲ. ಶುದ್ಧ ಫಾಸ್ಫೀನ್‌ಗೆ ವಾಸನೇನೇ ಇಲ್ಲ, ಆ ಬೆಳ್ಳುಳ್ಳಿ ನಾತ ಬರೋದು ಜೊತೆಗಿರೋ ಬೇರೆ ಅಂಶಗಳಿಂದ, ಅವನ್ನ ಕಾಳು ಹೀರ್ಕೊಂಡ್ರೆ ನಾತ ಹೋಗುತ್ತೆ, ಗ್ಯಾಸ್ ಮಾತ್ರ ಉಳಿಯುತ್ತೆ. ಇದಕ್ಕೆ ಮದ್ದೂ ಇಲ್ಲ, ಆಸ್ಪತ್ರೇಲಿ ಲಕ್ಷಣ ನೋಡ್ಕೊಂಡು ಚಿಕಿತ್ಸೆ ಕೊಡ್ತಾರೆ ಅಷ್ಟೆ. ಕೆಲಸಗಾರರ ಆರೋಗ್ಯ ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ ಲೆಕ್ಕದಾಗೆ ಕೆಲಸದ ದಿನದ ಸರಾಸರಿ 0.3 ಪಿಪಿಎಂ (ಅಂದ್ರೆ ಹತ್ತು ಲಕ್ಷ ಪಾಲು ಗಾಳೀಲಿ 0.3 ಪಾಲು ಗ್ಯಾಸ್) ದಾಟಬಾರ್ದು, 15 ನಿಮಿಷಕ್ಕೆ 1 ಪಿಪಿಎಂ. 2019ರಾಗೆ ಅಲ್ಲಿನ ಇನ್ನೊಂದು ತಜ್ಞರ ಸಂಸ್ಥೆ ಎಸಿಜಿಐಎಚ್‌ನೋರು ತಮ್ಮ ದಿನದ ಸರಾಸರಿ ಮಿತೀನ 0.05ಕ್ಕೆ ಇಳಿಸಿದ್ರು. ನಾನು ಹೊಸ ಲೆಕ್ಕಾನೇ ಹಿಡಿದೀನಿ, ಹಳೇದಕ್ಕೆ ಒಪ್ಪಲ್ಲ.

ಮೀಟರ್‌ಗೆ ನಲ್ವತ್ತು ಸಾವಿರದ ಮೇಲಾಯ್ತು. ಸಾಹುಕಾರ್ರು "ಏನಪ್ಪಾ, ಈ ದುಡ್ಡಿಗೆ ಎರಡು ಹೊಸ ಕವರ್ ಬರ್ತಾವಲ್ಲ" ಅಂದ್ರು. ಆರೋಗ್ಯದ ಮಾತು ಹೇಳಿ ಹೇಳಿ ಸಾಕಾಯ್ತು, ಕೊನೆಗೆ ಒಪ್ಪಿಸಿದ್ದು ತಾಮ್ರದ ತಂತಿ. ಗೋಡೌನ್ ಒಳಗಿನ ಸಿಸಿಟಿವಿ ಕ್ಯಾಮೆರಾ ಮೇಲಿಂದ ಮೇಲೆ ಕೆಡ್ತಿದ್ವು, ರಿಪೇರಿಯೋನು ಕರೆಂಟ್ ಏರುಪೇರು ಅಂತಿದ್ದ. ಫಾಸ್ಫೀನ್ ತಾಮ್ರ ತಿನ್ನುತ್ತೆ ಅನ್ನೋದು ಗೊತ್ತಿತ್ತು, ಅದಕ್ಕೇ ಹೊಳೆಯೋಹಂಗೆ ಉಜ್ಜಿದ ತಂತಿ ಒಂದನ್ನ ಕ್ಯಾಮೆರಾ ಪಕ್ಕ ಕಟ್ಟಿದೆ, ಇನ್ನೊಂದನ್ನ ಆಫೀಸ್‌ನಾಗೆ. ಕವರ್ ತೆಗೆಯೋ ಹೊತ್ತಿಗೆ ಕ್ಯಾಮೆರಾ ಪಕ್ಕದ್ದು ಕರ್ರಗಾಗಿತ್ತು, ಆಫೀಸಿಂದು ಹಂಗೇ ಇತ್ತು. ಎರಡನ್ನೂ ಟೇಬಲ್ ಮೇಲಿಟ್ಟೆ, ಅವತ್ತೇ ಚೆಕ್ ಬರೆದ್ರು.

ಮೀಟರ್ ಬಂದ ಮೇಲೂ ತಕ್ಷಣ ಏನೂ ಸಿಗ್ಲಿಲ್ಲ. ಬಾಗಿಲಲ್ಲಿ ಸೊನ್ನೆ, ಸ್ಟ್ಯಾಕ್ ನಡುವಿನ ಓಣೀಲಿ ಸೊನ್ನೆ ಅಥವಾ 0.05 ಹತ್ರ. "ನೋಡಿದ್ಯಾ, ಏನೂ ಇಲ್ಲ" ಅಂತ ಎಲ್ಲಾ ಶುರು ಮಾಡಿದ್ರು. ನಾನು ಮೀಟರ್‌ನ ಒಬ್ಬ ಹಮಾಲನ ಅಂಗಿ ಕಾಲರ್‌ಗೆ ಸಿಕ್ಕಿಸಿ ಚೀಲ ಇಳ್ಸಪ್ಪಾ ಅಂದೆ. ಮೇಲಿನ ಚೀಲಗಳಿಗೆ ಏನೂ ಆಗ್ಲಿಲ್ಲ, ಸ್ಟ್ಯಾಕ್ ಹೊಟ್ಟೆಗೆ ಬಂದು ಚೀಲ ಎಳೆದು ಹೆಗಲಿಗೆ ಹಾಕ್ಕೊಂಡ ತಕ್ಷಣ ಮೀಟರ್ ಕೂಗ್ತು, 1.4, 1.6 ಹಿಂಗೆ. ಕಾಳಿನೊಳಗೆ ಕೂತಿರೋ ಗ್ಯಾಸ್ ಚೀಲ ಅಲ್ಲಾಡಿದಾಗ ಹೊರಗೆ ಬರುತ್ತೆ, ಅದೂ ನೇರ ಮೂಗಿನ ಹತ್ರ. ಓಣೀಲಿ ನಿಂತು ಅಳೆಯೋನಿಗೆ ಇದು ಯಾವತ್ತೂ ಕಾಣ್ಸಲ್ಲ. ಆ ಹುಡುಗ "ಅಣ್ಣಾ, ಅದಕ್ಕೇ ಸಂಜೆ ತಲೆ ಸಿಡಿಯೋದಾ, ನಾನು ಬಿಸಿಲು ಅಂದ್ಕೊಂಡಿದ್ದೆ" ಅಂದ.

ಆಮೇಲೆ ಸ್ಟ್ಯಾಕ್ ಒಳಗೇ ಸಣ್ಣ ನೈಲಾನ್ ಪೈಪ್ ಬಿಟ್ಟು ಹೊರಗಿಂದ ಗಾಳಿ ಎಳೆದು ನೋಡೋಕೆ ಶುರು ಮಾಡಿದೆ. ಜೋಳದ ಧೂಳು ಪೈಪ್ ಕಟ್ಟಿ ಬಹಳ ಸತಾಯಿಸ್ತು, ಹತ್ತಿ ತುರುಕಿದೆ, ಸೀರೆ ಬಟ್ಟೆ ಕಟ್ಟಿದೆ, ಯಾವುದೂ ಆಗ್ಲಿಲ್ಲ. ಈಗ ತುದೀಗೆ ಏನು ಕಟ್ತೀನಿ ಅನ್ನೋದನ್ನ ಮಾತ್ರ ಹೇಳಲ್ಲ, ಅದು ನನ್ನ ಹತ್ರಾನೇ ಇರ್ಲಿ.

ಮಧ್ಯೆ ಕಡಿಮೆ ಖರ್ಚಿನ ದಾರೀನೂ ನೋಡಿದೆ. ಸಿಲ್ವರ್ ನೈಟ್ರೇಟ್‌ನಾಗೆ ಅದ್ದಿದ ಫಿಲ್ಟರ್ ಪೇಪರ್ ಫಾಸ್ಫೀನ್ ತಾಗಿದ್ರೆ ಕಪ್ಪಾಗುತ್ತೆ. ಬೆಳಕಿಗೂ ಕಪ್ಪಾಗುತ್ತೆ, ಕಂದು ಬಾಟ್ಲಿಯಾಗೆ ಇಡ್ಬೇಕು. ಹಿಂದಿನ ಗೋಡೆ ಹತ್ರ ಗುಳಿಗೆ ಇಡದ ದಿನಾನೂ ಕಪ್ಪಾಯ್ತು! ಅಲ್ಲಿ ಚರಂಡಿ ಐತೆ, ಅದರ ಹೈಡ್ರೋಜನ್ ಸಲ್ಫೈಡ್‌ಗೂ ಹಂಗೇ ಆಗುತ್ತೆ. ಪಕ್ಕದಾಗೆ ಲೆಡ್ ಅಸಿಟೇಟ್ ಪೇಪರ್ ಕಟ್ಟಿದೆ, ಅದೂ ಕಪ್ಪಾದ್ರೆ ಚರಂಡಿ ಗ್ಯಾಸ್ ಐತೆ ಅಂತ, ಸಿಲ್ವರ್ ಒಂದೇ ಕಪ್ಪಾದ್ರೆ ನಮ್ಮ ಗುಳಿಗೇದು. ಅಂಕಿ ಸಿಗಲ್ಲ, ಆದ್ರೆ ಕವರ್ ಎಲ್ಲಿ ಸೋರ್ತೈತೆ ಅಂತ ಹುಡುಕೋಕೆ ಚೆನ್ನಾಗೈತೆ, ಖರ್ಚು ನೂರಾರು ರೂಪಾಯಿ ಅಷ್ಟೆ.

ಇನ್ನೊಂದು ಜಾಗ ಯಾರೂ ನೋಡಲ್ಲ: ಗ್ಯಾಸ್ ಬಿಟ್ಟ ಮೇಲೆ ಉಳಿಯೋ ಗುಳಿಗೆ ಬೂದಿ ಹಾಕಿದ ಬಕೆಟ್. ವಾಚ್‌ಮನ್ ರೂಮಿನ ಗೋಡೆಗೆ ಒತ್ತಿ ಇಟ್ಟಿರ್ತಾರೆ. ಬೂದಿಯಾಗೆ ಇನ್ನೂ ಗ್ಯಾಸ್ ಆಗದ ಅಂಶ ಸ್ವಲ್ಪ ಉಳಿದಿರುತ್ತೆ, ತೇವ ತಾಗಿದ್ರೆ ಅದೂ ಗ್ಯಾಸ್ ಬಿಡುತ್ತೆ. ಜಿಟಿಜಿಟಿ ಮಳೆ ಹಿಡಿದ ರಾತ್ರಿ ರೂಮಿನ ಕಿಟಕೀಲಿ 0.4 ತನಕ ತೋರಿಸ್ತು. ವಾಚ್‌ಮನ್ ಒಳಗೆ ಮಲಗಿದ್ದ. ಅವತ್ತೇ ಬಕೆಟ್ ದೂರದ ಬಯಲಿಗೆ ಹೋಯ್ತು.

ಕಷ್ಟ ಆಗಿದ್ದು ಕೂಲಿ ಲೆಕ್ಕ. ಹಮಾಲರಿಗೆ ಚೀಲದ ಲೆಕ್ಕದಾಗೆ ದುಡ್ಡು, ಗಾಳಿ ಆಡೋತನಕ ಕಾಯ್ರಿ ಅಂದ್ರೆ ಅವರ ಹೊಟ್ಟೆಗೆ ಹೊಡೆದಂಗೆ. ಮೊದ್ಲು ಅವರೇ ಮೀಟರ್ ಬ್ಯಾಡ ಅಂದಿದ್ದು. ಈಗ ಪಕ್ಕದ ಗೋಡೌನ್ ಲೋಡ್ ಅದೇ ದಿನಕ್ಕೆ ಹಾಕ್ತೀನಿ, ಅದಿಲ್ಲದಿದ್ರೆ ಸಾಹುಕಾರ್ರು ಅರ್ಧ ದಿನದ ಕೂಲಿ ಕೊಡ್ತಾರೆ. ಸ್ಟ್ಯಾಕ್ ಹೊಟ್ಟೇಲಿ 0.05ಕ್ಕೆ ಇಳೀದೆ ಒಂದು ಚೀಲಾನೂ ಎತ್ತಂಗಿಲ್ಲ, ಎತ್ತೋವಾಗ್ಲೂ ಮೀಟರ್ ಒಬ್ಬರ ಕಾಲರ್‌ನಾಗೆ ಇರ್ಬೇಕು.

ಸೆನ್ಸರ್ ಸುಮಾರು ಎರಡು ವರ್ಷಕ್ಕೆ ಹೋಗುತ್ತೆ, ಹದಿನೈದು ಸಾವಿರ ಎತ್ತಿಟ್ಕೊಳ್ರಿ. ಕ್ಯಾಲಿಬ್ರೇಷನ್‌ಗೆ, ಅಂದ್ರೆ ಮೀಟರ್ ಅಂಕಿ ಸರಿ ತೋರಿಸ್ತೈತಾ ಅಂತ ನೋಡಿ ಸರಿ ಮಾಡ್ಸೋಕೆ, ಬೆಂಗಳೂರಿಗೆ ಕಳಿಸ್ಬೇಕು, ಜುಲೈ ಆಗಸ್ಟ್‌ನಾಗೆ ಗೋಡೌನ್ ಖಾಲಿ ಇರೋವಾಗ ಕಳಿಸ್ರಿ, ಹೊಸ ಮಾಲು ಬರೋ ಹೊತ್ತಿಗೆ ಕೈಗೆ ಬಂದಿರುತ್ತೆ.