ಆಗದೇ ಇದ್ದ ಡಿಸ್ಚಾರ್ಜ್

ಅಮೆರಿಕದ ಒಂದು ನರ್ಸಿಂಗ್ ಹೋಮ್‌ನಲ್ಲಿ ನಾನು ಎಂಡಿಎಸ್ ಕೋಆರ್ಡಿನೇಟರ್. "ನರ್ಸ್ ಆಗೋಕೆ ಹೋದವಳು ಗುಮಾಸ್ತೆ ಆದ್ಲು" ಅಂತ ಊರಲ್ಲಿ ಅಮ್ಮ ಹೇಳ್ತಿರ್ತಾಳೆ. ಪೂರ್ತಿ ಸುಳ್ಳಲ್ಲ. ಇಲ್ಲಿರುವವರ ನಡಿಗೆ, ನೆನಪು, ಊಟ, ಗಾಯ ಎಲ್ಲವನ್ನೂ ಎಂಡಿಎಸ್ 3.0 (ಮಿನಿಮಮ್ ಡೇಟಾ ಸೆಟ್) ಅನ್ನುವ ಫಾರಂನಲ್ಲಿ ತುಂಬಿ, ಮೆಡಿಕೇರ್ ನಡೆಸುವ ಸರ್ಕಾರಿ ಸಂಸ್ಥೆ ಸಿಎಂಎಸ್‌ಗೆ ಕಳಿಸುವುದೇ ನನ್ನ ಕೆಲಸ. ಮೆಡಿಕೇರ್ ಅಂದರೆ ಮುಖ್ಯವಾಗಿ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಅದರ ಹಣದ ಲೆಕ್ಕವೂ ಇದರ ಮೇಲೇ ನಿಂತಿದೆ.

ಒಂದು ಶನಿವಾರ ರಾತ್ರಿ 9ಕ್ಕೆ ನಮ್ಮ ಅಜ್ಜಿಯೊಬ್ಬರು ಬಿದ್ದು ಆಸ್ಪತ್ರೆಗೆ ಹೋದರು, ಭಾನುವಾರ ಬೆಳಿಗ್ಗೆ 11ಕ್ಕೆ ವಾಪಸ್ ಬಂದರು. ಸೋಮವಾರ ನಾನು ಬಂದು ನೋಡಿದರೆ ಸೆನ್ಸಸ್‌ನಲ್ಲಿ, ಅಂದರೆ ಯಾರು ಇದ್ದಾರೆ ಯಾರು ಹೋದರು ಅಂತ ಬಿಲ್ಲಿಂಗ್‌ಗಾಗಿ ಬರೆಯುವ ದಿನದ ಪಟ್ಟಿಯಲ್ಲಿ, "ಡಿಸ್ಚಾರ್ಜ್" ಅಂತ ಇತ್ತು. ಹಿಂದೆಮುಂದೆ ನೋಡದೆ ಡಿಸ್ಚಾರ್ಜ್ ಅಸೆಸ್‌ಮೆಂಟ್ ಒಂದು, ಮರಳಿ ಬಂದದ್ದಕ್ಕೆ ಎಂಟ್ರಿ ರೆಕಾರ್ಡ್ ಒಂದು ಕಳಿಸಿಬಿಟ್ಟೆ. ಎರಡೂ ಅಕ್ಸೆಪ್ಟ್ ಆದವು.

ಶುಕ್ರವಾರ ಆಸ್ಪತ್ರೆಯ ಕಾಗದ ಕೈಗೆ ಬಂತು. ಅಡ್ಮಿಟ್ ಮಾಡಿರಲೇ ಇಲ್ಲ, ಬರೀ ಅಬ್ಸರ್ವೇಶನ್ (ಅಡ್ಮಿಟ್ ಮಾಡದೆ ನಿಗಾದಲ್ಲಿ ಇಟ್ಟುಕೊಳ್ಳುವುದು), 14 ಗಂಟೆ. ಅಡ್ಮಿಟ್ ಆಗದೆ 24 ಗಂಟೆಯೊಳಗೆ ಮರಳಿದರೆ ಅದು ರಜೆಯ ಮೇಲೆ ಹೋಗಿ ಬಂದ ಹಾಗೆ, ಡಿಸ್ಚಾರ್ಜ್ ಅಲ್ಲ. ಬಿಲ್ಲಿಂಗ್‌ನವರಿಗೆ ಮಧ್ಯರಾತ್ರಿ ಮಂಚದಲ್ಲಿ ಯಾರಿದ್ದರು ಅನ್ನುವುದೇ ಲೆಕ್ಕ, ಅವರ ಮಟ್ಟಿಗೆ ಅದು ಸರಿ. ಅವರ ಲೆಕ್ಕವನ್ನು ನನ್ನ ಲೆಕ್ಕ ಅಂದುಕೊಂಡದ್ದು ನನ್ನ ತಪ್ಪು.

ಇಂಥ ಹೊತ್ತಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಘಟನೆ ನಿಜಕ್ಕೂ ನಡೆದಿತ್ತೆ? ನಡೆದಿದ್ದು ಯಾವುದೋ ಉತ್ತರ ತಪ್ಪಾಗಿದ್ದರೆ ಮಾಡಿಫಿಕೇಶನ್ (ತಿದ್ದುಪಡಿ), ಫಾರಂನಲ್ಲಿ ರೆಕಾರ್ಡ್ ಯಾವ ಬಗೆಯದು ಅಂತ ಹೇಳುವ ಎ0050 ಖಾನೆಯಲ್ಲಿ 2. ನಡೆದೇ ಇಲ್ಲದಿದ್ದರೆ ಇನ್‌ಆ್ಯಕ್ಟಿವೇಶನ್ (ರದ್ದು ಮಾಡುವುದು), ಅಲ್ಲಿ 3. ಪ್ರಯೋಗಕ್ಕೆ ಮಾಡಿದ ರೆಕಾರ್ಡ್ ನಿಜವಾದದ್ದೆಂದು ಹೋಗಿಬಿಟ್ಟರೆ ಇವೆರಡೂ ಸಾಲದು, ಅಳಿಸಿಕೊಡಿ ಅಂತ ಬೇರೆ ಅರ್ಜಿಯನ್ನೇ ಕೊಡಬೇಕು. ಆ ದಾರಿ ಇದುವರೆಗೆ ನನಗೆ ಬಂದಿಲ್ಲ, ಪುಣ್ಯ.

ನನ್ನದು 3. ಇದಕ್ಕೆ ಇಡೀ ಫಾರಂ ತುಂಬುವ ಹಾಗಿಲ್ಲ. ಎ0050 ಬಿಟ್ಟರೆ, ಯಾವ ಹಳೆಯ ರೆಕಾರ್ಡ್, ಯಾಕೆ ಅಂತ ಹೇಳುವ ಸೆಕ್ಷನ್ ಎಕ್ಸ್ ಮಾತ್ರ. ಎಕ್ಸ್1050ರಲ್ಲಿ "ಘಟನೆ ನಡೆದಿಲ್ಲ" ಅಂತ ಗುರುತು ಹಾಕಿ, ಸಹಿ, ತಾರೀಖು ಹಾಕಿ ಎರಡೂ ರೆಕಾರ್ಡ್‌ಗೆ ಬೇರೆಬೇರೆಯಾಗಿ ಕಳಿಸಿದೆ. ಎರಡೂ ರಿಜೆಕ್ಟ್!

ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. ಆ ವಾರ ಆಫೀಸಿನವರು ಅಜ್ಜಿಯ ಸರ್‌ನೇಮ್‌ನಲ್ಲಿದ್ದ ಒಂದು ಅಕ್ಷರದ ತಪ್ಪು ತಿದ್ದಿದ್ದರು. ಸಾಫ್ಟ್‌ವೇರ್ ತಾನೇ ಆ ಸರಿಯಾದ ಹೆಸರನ್ನು ಸೆಕ್ಷನ್ ಎಕ್ಸ್‌ಗೆ ತಂದು ಕೂರಿಸಿತ್ತು. ಆದರೆ ಅಲ್ಲಿರಬೇಕಾದದ್ದು ಮೊದಲು ಹೋದ ರೆಕಾರ್ಡ್‌ನಲ್ಲಿರುವ ಹೆಸರು, ಅದರ ತಪ್ಪಿನ ಸಮೇತ. ಇಲ್ಲದಿದ್ದರೆ ಯಾವ ರೆಕಾರ್ಡ್ ಅಂತ ಆ ಕಡೆ ಗೊತ್ತಾಗುವುದೇ ಇಲ್ಲ. ತಪ್ಪು ಹೆಸರನ್ನೇ ಕೈಯಾರೆ ಟೈಪ್ ಮಾಡುವಾಗ ಬೆರಳು ಹಿಂಜರಿದದ್ದು ಸುಳ್ಳಲ್ಲ. ಈ ಸಲ ಕಳಿಸಿದ್ದಕ್ಕೆ ಮರಳಿ ಬರುವ ವ್ಯಾಲಿಡೇಶನ್ ರಿಪೋರ್ಟ್‌ನಲ್ಲಿ ಎರಡೂ ಅಕ್ಸೆಪ್ಟ್.

ತಪ್ಪು ಗೊತ್ತಾದ 14 ದಿನದೊಳಗೆ ತಿದ್ದಬೇಕು. ನಾಲ್ಕನೇ ದಿನಕ್ಕೇ ಮುಗಿಯಿತು. ರದ್ದಾದ ರೆಕಾರ್ಡ್‌ಗಳನ್ನು ಹರಿದು ಹಾಕದೆ, ತಿದ್ದುಪಡಿಯ ಪ್ರತಿಯೊಂದಿಗೆ ಅಜ್ಜಿಯ ಫೈಲಿನಲ್ಲೇ ಇಟ್ಟೆ. ಈಗ ಸೋಮವಾರ ಸೆನ್ಸಸ್‌ನಲ್ಲಿ ಆ ಪದ ಕಂಡರೆ ಮೊದಲು ಆಸ್ಪತ್ರೆಗೆ ಫೋನು: "ಅಡ್ಮಿಟ್ ಮಾಡಿದ್ರಾ, ಅಬ್ಸರ್ವೇಶನ್ನಾ?"